ಪಾಸ್ಖದ ಜಾಗರಣೆ

ರಾತ್ರಿಯೆಲ್ಲ ಎಚ್ಚರವಿರುವುದು ನಮ್ಮ ಉತ್ತರ ಕನ್ನಡದ ಕರಾವಳಿಯವರಿಗೆ ಹೊಸ ಸಂಗತಿಯೇನೂ ಅಲ್ಲ. ಕುಮಟಾ ತಾಲೂಕಿನ ಗೋಕರ್ಣದಲ್ಲಿ ಶಿವರಾತ್ರಿಯಂದು ಜನರು ಮಹಾಬಲೇಶ್ವರನ ಸನ್ನಿಧಿಯಲ್ಲಿ ಬೆಳಗು ಮಾಡುತ್ತಾರೆ. ಹೊನ್ನಾವರದ ಸುತ್ತಿನ ಹಳ್ಳಿಗಳಲ್ಲಿ ಯಕ್ಷಗಾನದ ಚಂಡೆ ಕೇಳತೊಡಗಿತೆಂದರೆ ಮಕ್ಕಳು ಮುದುಕರೆನ್ನದೆ ಎಲ್ಲರೂ ಕಂಬಳಿ ಹೊದ್ದು ಗದ್ದೆಯ ಬಯಲಿನಲ್ಲಿ ಕುಳಿತುಬಿಡುತ್ತಿದ್ದ ಕಾಲವನ್ನು ನಾನೇ ಕಂಡಿದ್ದೇನೆ. ಭಟ್ಕಳದಲ್ಲಿ ಕೆಲವು ವರ್ಷ ಮಾಸ್ತರಿಕೆ ಮಾಡುತ್ತಿದ್ದಾಗ ನನ್ನ ಜೊತೆಗಿದ್ದ ನವಾಯತ ಮಿತ್ರರೊಬ್ಬರು ರಂಜಾನಿನ ಕೊನೆಯ ಹತ್ತು ರಾತ್ರಿಗಳನ್ನು ಮಸೀದಿಯಲ್ಲಿ ಪ್ರಾರ್ಥನೆಯಲ್ಲಿ ಕಳೆದು, ಕೆಂಪೇರಿದ ಕಣ್ಣುಗಳಿಂದಲೇ ಪಾಠಕ್ಕೆ ಬರುತ್ತಿದ್ದರು. “ನಿದ್ದೆ ಬರುವುದಿಲ್ಲವೇ?” ಎಂದು ಕೇಳಿದರೆ, “ಬರುತ್ತದೆ ಮಾಸ್ತರೇ. ಬಂದದ್ದನ್ನು ತಡೆದರೆ ತಾನೆ ಅದು ಜಾಗರಣೆ?” ಎನ್ನುತ್ತಿದ್ದರು.

ಕೆಥೋಲಿಕ ಕ್ರೈಸ್ತರಾದ ನಮಗೂ ಅಂಥದೊಂದು ರಾತ್ರಿಯಿದೆ. ಶುಭ ಶುಕ್ರವಾರ ಕಳೆದು ಈಸ್ಟರ್ ಭಾನುವಾರ ಇನ್ನೂ ಹುಟ್ಟದಿರುವ ಶನಿವಾರದ ರಾತ್ರಿ ಅದು. ಪಾಸ್ಖದ ಜಾಗರಣೆಯೆಂದು ಅದರ ಹೆಸರು. ಸಂತ ಅಗಸ್ಟೀನರು ಎಲ್ಲ ಜಾಗರಣೆಗಳ ನಡುವೆ ಅದಕ್ಕೆ ತಾಯಿಯ ಸ್ಥಾನವನ್ನು ಕೊಟ್ಟಿದ್ದಾರೆ. ಬಾಲ್ಯದಿಂದಲೂ ಈ ಜಾಗರಣೆಗೆ ತಪ್ಪದೆ ಹೋದವನು ನಾನು. ಆದರೆ ಅದರಲ್ಲಿ ನಿಜವಾಗಿ ಎಚ್ಚರವಿದ್ದದ್ದು ಒಂದೇ ಒಂದು ಸಲವೆಂದು ಈಗ ನನಗೆ ತೋರುತ್ತದೆ. ಆ ಒಂದು ರಾತ್ರಿಯ ಕಥೆಯನ್ನು ವಾಚಕರ ಮುಂದಿಡುತ್ತಿದ್ದೇನೆ.

ಕೆಲವು ವರ್ಷಗಳ ಹಿಂದಿನ ಮಾತು. ತಪಸ್ಸುಕಾಲ ನಡೆದಿತ್ತು. ವಿಭೂತಿ ಬುಧವಾರದಂದು ಹಣೆಗೆ ಬೂದಿ ಹಚ್ಚಿಸಿಕೊಂಡಲ್ಲಿಂದ ಆರಂಭವಾಗುವ ನಲವತ್ತು ದಿನಗಳ ವ್ರತಕಾಲವನ್ನು ನಾವು ಹಾಗೆ ಕರೆಯುತ್ತೇವೆ. ಒಂದು ಸಂಜೆ ನನ್ನ ತಮ್ಮನ ಮಗನು ಕುಮಟೆಯ ನಮ್ಮ ಮನೆಯ ಬಾಗಿಲಿಗೆ ಬಂದು ನಿಂತನು. ಅವನು ನನಗೆ ಬರಿಯ ತಮ್ಮನ ಮಗನಲ್ಲ, ಜ್ಞಾನಪುತ್ರನೂ ಹೌದು. 1985ರಲ್ಲಿ ಅವನ ಜ್ಞಾನಸ್ನಾನದ ದಿನ ಜ್ಞಾನಪಿತನಾಗಿ ಅವನ ತಂದೆತಾಯಿಗಳ ಪಕ್ಕದಲ್ಲಿ ನಿಂತವನು ನಾನು. ಅವನು ಚಪ್ಪಲಿ ಕಳಚಿದರೂ ಒಳಕ್ಕೆ ಬರಲಿಲ್ಲ; ಜಗುಲಿಯ ಅಂಚಿನಲ್ಲಿಯೇ ಕುಳಿತನು.

“ದೊಡ್ಡಪ್ಪ, ಈ ಸಲದ ಜಾಗರಣೆಯ ರಾತ್ರಿ ನನ್ನ ಮಗಳಿಗೆ ಜ್ಞಾನಸ್ನಾನ. ಅಜ್ಜಿ ಹೊಲಿದ ಬಿಳಿ ಅಂಗಿ ನಿಮ್ಮಲ್ಲಿದೆಯಂತೆ. ಅಮ್ಮ ಕೇಳಿಕೊಂಡು ಬಾ ಎಂದಳು.”

“ನಿನ್ನ ಅಪ್ಪ ಏನೆಂದ?”

“ಅಪ್ಪ ಏನೂ ಅನ್ನಲಿಲ್ಲ. ಅಂಗಡಿಯಿಂದ ಒಂದನ್ನು ತಂದಿಟ್ಟಿದ್ದಾರೆ.”

ಅಂಗಡಿಯಿಂದ ತಂದಿಟ್ಟದ್ದರ ಅರ್ಥ ನನಗೆ ತಿಳಿಯಿತು. ನಾನು ಕೊಡಲಾರೆನೆಂದು ತಮ್ಮನು ಮೊದಲೇ ತೀರ್ಮಾನಿಸಿದ್ದನು.

ಆ ಅಂಗಿಯ ವಿಷಯವನ್ನು ಹೇಳಬೇಕು. ನಾನು ಹುಟ್ಟಿದಾಗ ನಮ್ಮ ತಾಯಿ ತೆಳುವಾದ ಬಿಳಿ ಬಟ್ಟೆಯಲ್ಲಿ ಕೈಯಿಂದಲೇ ಹೊಲಿದದ್ದು ಅದು. ಜ್ಞಾನಸ್ನಾನದ ನೀರು ಹೊಯ್ದಾದ ಮೇಲೆ ಮಗುವಿಗೆ ಬಿಳಿಯ ವಸ್ತ್ರ ತೊಡಿಸುವುದು ಪದ್ಧತಿ. ಹೊಸ ಬಾಳಿನ ಗುರುತು ಅದು. ಅದೇ ಅಂಗಿಯನ್ನು ಮೊದಲು ನನಗೆ, ಆರು ವರ್ಷಗಳ ನಂತರ ತಮ್ಮನಿಗೆ, ಆಮೇಲೆ ತಮ್ಮನ ಮಗನಿಗೆ ತೊಡಿಸಿದರು. ತಾಯಿ ತೀರಿಕೊಂಡ ಬಳಿಕ ಮನೆ ಪಾಲಾದಾಗ ಅವಳ ಕಬ್ಬಿಣದ ಟ್ರಂಕು ನನ್ನ ಪಾಲಿಗೆ ಬಂದಿತು. ಟ್ರಂಕಿನೊಂದಿಗೆ ಅಂಗಿಯೂ ಬಂದಿತು.

ಟ್ರಂಕಿನೊಂದಿಗೆ ನಾನು ಇನ್ನೇನೇನನ್ನು ತಂದೆನೆಂಬುದನ್ನೂ ಮುಚ್ಚಿಡುವುದು ಸರಿಯಲ್ಲ. ಹೊನ್ನಾವರದಲ್ಲಿ ಶರಾವತಿಯ ಆಚೆಯ ದಡದಲ್ಲಿ ನಮ್ಮ ತೆಂಗಿನ ತೋಟ. ನಾನು ನೌಕರಿಯೆಂದು ಊರೂರು ತಿರುಗುತ್ತಿದ್ದಾಗ ಮೂವತ್ತು ವರ್ಷ ಅದಕ್ಕೆ ಮಣ್ಣು ಹೊತ್ತು ನೀರು ಹೊಯ್ದವನು ತಮ್ಮ. ನನಗೆ ಪಿಂಚಣಿಯಿತ್ತು, ಕುಮಟೆಯಲ್ಲಿ ಮನೆಯಿತ್ತು, ತೋಟದ ಅಗತ್ಯವಿರಲಿಲ್ಲ. ಆದರೂ ಅರ್ಧ ತೋಟ ಬೇಕು, ಬಾವಿಯಲ್ಲಿಯೂ ಅರ್ಧ ಬೇಕು ಎಂದು ಹಟ ಹಿಡಿದೆನು. ಅಳತೆಗೆ ಬಂದ ನಾಲ್ಕು ಜನರ ಎದುರಿಗೆ, “ಇಷ್ಟು ವರ್ಷ ಕಾಯಿ ಮಾರಿದ ಹಣದ ಲೆಕ್ಕ ಎಲ್ಲಿ?” ಎಂದು ಅವನನ್ನು ಕೇಳಿದೆನು. ಅವನು ಉತ್ತರ ಕೊಡಲಿಲ್ಲ. ಕೈಯಲ್ಲಿದ್ದ ಕತ್ತಿಯನ್ನು ಮರದ ಬುಡಕ್ಕೆ ಒರಗಿಸಿಟ್ಟು ಮನೆಯೊಳಕ್ಕೆ ಹೋದನು. ಅಂದಿನಿಂದ ಹನ್ನೆರಡು ವರ್ಷ ನಮ್ಮಲ್ಲಿ ಮಾತಿರಲಿಲ್ಲ. ಕುಮಟೆಗೂ ಹೊನ್ನಾವರಕ್ಕೂ ಇರುವ ದಾರಿ ಸುಮಾರು 20 ಕಿಲೋಮೀಟರ್. ಆ ದಾರಿಯನ್ನು ನಾನು ಹನ್ನೆರಡು ವರ್ಷ ನಡೆಯಲಿಲ್ಲ.

“ಅಂಗಿ ಇದೆ, ತೊಳೆಯಿಸಬೇಕು. ನಾನೇ ತರುತ್ತೇನೆ” ಎಂದೆನು.

ಹುಡುಗನು ನನ್ನ ಮುಖವನ್ನು ನೋಡಿದನು. “ಬರುತ್ತೀರಾ, ದೊಡ್ಡಪ್ಪ?” ಎಂದಷ್ಟೇ ಕೇಳಿದನು. ನಾನು ಮಾತು ಬದಲಿಸಿ ಮಗುವಿನ ಹೆಸರನ್ನು ಕೇಳಿದೆನು.

ಜ್ಞಾನಸ್ನಾನಕ್ಕೆ ಯಾವ ಭಾನುವಾರವಾದರೂ ಆಗುತ್ತದೆ. ಜಾಗರಣೆಯ ರಾತ್ರಿಯೇ ಏಕೆ ಎಂದು ಅನ್ಯಮತೀಯ ಮಿತ್ರರು ಕೇಳುವುದುಂಟು. ಸಭೆಯ ಮೊದಲ ಶತಮಾನಗಳಲ್ಲಿ ಹೊಸಬರನ್ನು ಸೇರಿಸಿಕೊಳ್ಳುತ್ತಿದ್ದ ಮುಖ್ಯವಾದ ರಾತ್ರಿ ಇದೇ ಆಗಿತ್ತು. ಬಹುಕಾಲದ ಶಿಕ್ಷಣ, ಉಪವಾಸ, ಪರೀಕ್ಷೆಗಳನ್ನು ದಾಟಿದ ದೀಕ್ಷಾರ್ಥಿಗಳು ಆ ರಾತ್ರಿ ನೀರಿಗೆ ಇಳಿದು ಮೇಲೆ ಬರುತ್ತಿದ್ದರು. ಅಗಸ್ಟೀನರೇ 387ರ ಪಾಸ್ಖದ ರಾತ್ರಿ ಇಟಲಿಯ ಮಿಲಾನ್ ನಗರದಲ್ಲಿ ಧರ್ಮಾಧ್ಯಕ್ಷ ಅಂಬ್ರೋಸರ ಕೈಯಿಂದ ಜ್ಞಾನಸ್ನಾನ ಪಡೆದರು. ಅವರೊಂದಿಗೆ ಅವರ ಹದಿಹರೆಯದ ಮಗನೂ ಪಡೆದನು. ಜ್ಞಾನಸ್ನಾನ, ದೃಢೀಕರಣ, ಪರಮಪ್ರಸಾದ ಇವು ಮೂರೂ ಪ್ರವೇಶ ಸಂಸ್ಕಾರಗಳು. ಪ್ರಾಯಕ್ಕೆ ಬಂದವರಿಗೆ ಇವನ್ನು ಒಂದೇ ರಾತ್ರಿ ಕೊಡುತ್ತಾರೆ. ಹಿಂದಿನ ಆ ದೀಕ್ಷಾಕ್ರಮವನ್ನು ರೋಮ್ 1972ರಲ್ಲಿ ಹೊಸದಾಗಿ ವ್ಯವಸ್ಥೆಗೊಳಿಸಿತು. ನಮ್ಮ ಮನೆಗಳಲ್ಲಿ ಹುಟ್ಟಿದ ಮಕ್ಕಳಿಗೆ ಮಾತ್ರ ಈ ಮೂರು ಬಿಡಿಬಿಡಿಯಾಗಿ ಬರುತ್ತವೆ. ಹಸುಗೂಸಾಗಿದ್ದಾಗ ನೀರು, ತಿಳಿವಳಿಕೆ ಬಂದ ಮೇಲೆ ಉಳಿದೆರಡು. ಹೀಗಾಗಿ ನಮ್ಮಲ್ಲಿ ಬಹುಮಂದಿಗೆ ತಮ್ಮ ದೀಕ್ಷೆಯ ನೆನಪೇ ಇರುವುದಿಲ್ಲ. ನಾನು ಹುಟ್ಟಿದ ಕಾಲದ ವಿಧಿಯಲ್ಲಿ ಗುರುಗಳು ಕೇಳಿದ ಪ್ರಶ್ನೆಗಳಿಗೆ ಜ್ಞಾನಪಿತನು ಮಗುವಿನ ಪರವಾಗಿ ಲ್ಯಾಟಿನಿನಲ್ಲಿ ಉತ್ತರ ಕೊಡುತ್ತಿದ್ದನು. ನನ್ನ ಪರವಾಗಿ ಉತ್ತರ ಕೊಟ್ಟ ಸೋದರಮಾವನಿಗೆ ಆ ಭಾಷೆಯ ಒಂದು ಶಬ್ದವೂ ತಿಳಿದಿರಲಿಲ್ಲವೆಂದು ತಾಯಿ ನಗುತ್ತ ಹೇಳುತ್ತಿದ್ದಳು.

ಜಾಗರಣೆಯೂ ಬಹುಕಾಲ ತನ್ನ ವೇಳೆಯನ್ನು ಕಳೆದುಕೊಂಡಿತ್ತು. ನಾನು ಚಿಕ್ಕವನಾಗಿದ್ದಾಗ ಅದು ನಡೆಯುತ್ತಿದ್ದದ್ದು ಶನಿವಾರ ಬೆಳಿಗ್ಗೆ! ಹೊರಗೆ ಬಿಸಿಲು ಕಾಯುತ್ತಿರುವಾಗ ಒಳಗೆ ಗುರುಗಳು ಇರುಳನ್ನು ಕುರಿತು ಹಾಡುತ್ತಿದ್ದರು. ಹನ್ನೆರಡು ಪ್ರವಾದನೆಗಳನ್ನು ಲ್ಯಾಟಿನಿನಲ್ಲಿ ಓದುತ್ತಿದ್ದರು. ಮಧ್ಯಾಹ್ನಕ್ಕೆ ವ್ರತ ಮುಗಿಯುತ್ತಿತ್ತು. ಹನ್ನೆರಡನೆಯ ಪಿಯೂಸ್ ಜಗದ್ಗುರುಗಳು 1951ರಲ್ಲಿ ಜಾಗರಣೆಯನ್ನು ಪ್ರಯೋಗಕ್ಕಾಗಿ ಮರಳಿ ರಾತ್ರಿಗೆ ತಂದರು. 1955ರಲ್ಲಿ ಪವಿತ್ರ ವಾರದ ವಿಧಿಗಳನ್ನೆಲ್ಲ ತಿದ್ದಿ, ಮರುವರ್ಷದಿಂದ ಅದನ್ನೇ ನಿಯಮ ಮಾಡಿದರು. 1956ರಲ್ಲಿ ನನಗೆ ಒಂಬತ್ತು ವರ್ಷ. ಆಗ ಶರಾವತಿಗೆ ಹೆದ್ದಾರಿಯ ಸೇತುವೆಯಿರಲಿಲ್ಲ. ಹೊನ್ನಾವರದ ಇಗರ್ಜಿಗೆ ಬರಬೇಕಾದರೆ ತಾರಿ ದಾಟಬೇಕು. “ದೇವರಿಗೂ ಈಗ ರಾತ್ರಿಪಾಳಿಯೇ?” ಎಂದು ಗೊಣಗುತ್ತ ತಂದೆ ಸೂಡಿ ಹೊತ್ತಿಸಿ ಮುಂದೆ ನಡೆದನು. ಮೂರು ವರ್ಷದ ತಮ್ಮನು ತಾಯಿಯ ಹೆಗಲ ಮೇಲೆ ನಿದ್ದೆ ಹೋಗಿದ್ದನು. ದೋಣಿಯಲ್ಲಿ ತಾಯಿ ಅವನನ್ನು ನನ್ನ ಮಡಿಲಿಗೆ ದಾಟಿಸಿ, “ಬಿಡಬೇಡ, ಹಿಡಿದುಕೋ” ಎಂದಳು. ಹೊಳೆಯ ನೀರು ಕಪ್ಪಾಗಿತ್ತು. ದಡ ಸೇರುವವರೆಗೆ ನಾನು ಅವನ ಅಂಗಿಯ ಚುಂಗನ್ನು ಬಿಟ್ಟಿರಲಿಲ್ಲ.

ಆಮೇಲೆ ಏನೇನೋ ಬದಲಾಯಿತು. ಎರಡನೆಯ ವ್ಯಾಟಿಕನ್ ಮಹಾಸಭೆಯು 1963ರಲ್ಲಿ ಜನರ ಭಾಷೆಗೆ ಬಾಗಿಲು ತೆರೆಯಿತು. ಲ್ಯಾಟಿನ್ ಹಿಂದೆ ಸರಿದು, ನಮ್ಮ ಮನೆಯ ಕೊಂಕಣಿಯೂ ಶಾಲೆಯ ಕನ್ನಡವೂ ಪೀಠದ ಬಳಿಗೆ ಬಂದವು. ಗೋವೆಯ ಆಡಳಿತಕ್ಕೆ ಸೇರಿದ್ದ ನಮ್ಮ ಕಡೆಯ ಇಗರ್ಜಿಗಳು 1953ರಲ್ಲಿ ಬೆಳಗಾವಿಯ ಧರ್ಮಪ್ರಾಂತ್ಯಕ್ಕೂ, 1976ರಲ್ಲಿ ಕಾರವಾರದ ಹೊಸ ಧರ್ಮಪ್ರಾಂತ್ಯಕ್ಕೂ ಸೇರಿದವು. ಎಲ್ಲವೂ ಹತ್ತಿರಕ್ಕೆ ಬಂದಿತು. ದೂರ ಹೋದವರು ನಾವಿಬ್ಬರೇ.

ಆ ಶನಿವಾರ ಸಂಜೆ ಅಂಗಿಯನ್ನು ಕಾಗದದಲ್ಲಿ ಸುತ್ತಿ ಕೈಚೀಲದಲ್ಲಿಟ್ಟುಕೊಂಡು ಹೊರಟೆನು. ಬಸ್ಸು ಹೊನ್ನಾವರ ಸೇರುವ ವೇಳೆಗೆ ಕತ್ತಲಾಗಿತ್ತು. ಈಸ್ಟರಿನ ದಿನವನ್ನು ಗೊತ್ತುಮಾಡುವುದು ಚಂದ್ರನ ಲೆಕ್ಕದಿಂದ. ಮಾರ್ಚ್ 21ರಂದು ಅಥವಾ ಅದರ ನಂತರ ಬರುವ ಮೊದಲ ಹುಣ್ಣಿಮೆಯನ್ನು ಹಿಡಿದು, ಅದಾದ ಮೇಲಿನ ಭಾನುವಾರ ಹಬ್ಬ. ಆದ್ದರಿಂದ ಜಾಗರಣೆಯ ರಾತ್ರಿ ಚಂದ್ರನು ಹುಣ್ಣಿಮೆಯನ್ನು ಮುಗಿಸಿ ತುಸು ತಡವಾಗಿಯೇ ಘಟ್ಟದ ಮೇಲೆ ಬರುತ್ತಾನೆ. ಇಗರ್ಜಿಯ ದೀಪಗಳನ್ನೆಲ್ಲ ಆರಿಸಿದ್ದರು. ಅಂಗಳದಲ್ಲಿ ಸೇರಿದ್ದ ಜನರಲ್ಲಿ ಯಾರು ಯಾರೆಂದು ಗೊತ್ತಾಗುತ್ತಿರಲಿಲ್ಲ. ನನಗೆ ಅದೇ ಅನುಕೂಲವೆನಿಸಿತು. ಚೀಲವನ್ನು ಎದೆಗೊತ್ತಿಕೊಂಡು ಹಿಂದೆ ನಿಂತೆನು. ಬಂದಾಯಿತು; ಕೊಡುವ ಧೈರ್ಯ ಮಾತ್ರ ಬರಲಿಲ್ಲ.

ಗುರುಗಳು ಹೊಸ ಬೆಂಕಿಯನ್ನು ಆಶೀರ್ವದಿಸಿದರು. ಆಳೆತ್ತರಕ್ಕೆ ಎತ್ತಿ ಹಿಡಿಯುವ ಪಾಸ್ಖದ ದೊಡ್ಡ ಮೇಣದಬತ್ತಿಯ ಮೇಲೆ ಶಿಲುಬೆಯನ್ನು ಗೀರಿ, ಗ್ರೀಕ್ ಅಕ್ಷರಮಾಲೆಯ ಮೊದಲ ಮತ್ತು ಕೊನೆಯ ಅಕ್ಷರಗಳನ್ನು ಬರೆದು, ಶಿಲುಬೆಯ ನಾಲ್ಕು ಮೂಲೆಗಳಲ್ಲಿ ಆ ವರ್ಷದ ನಾಲ್ಕು ಅಂಕಿಗಳನ್ನು ಕೊರೆದರು. ಕ್ರಿಸ್ತನ ಐದು ಗಾಯಗಳ ನೆನಪಿಗೆ ಧೂಪದ ಐದು ಹರಳುಗಳನ್ನು ಚುಚ್ಚಿದರು. ಹೊತ್ತಿಸಿದ ಆ ಬತ್ತಿಯನ್ನು ಹಿಡಿದು ಕತ್ತಲೆಯ ಇಗರ್ಜಿಯೊಳಗೆ ಮೂರು ಕಡೆ ನಿಂತು ಬೆಳಕನ್ನು ಘೋಷಿಸುತ್ತ ನಡೆದರು. ಅದರಿಂದ ಒಬ್ಬರ ಬತ್ತಿಗೆ, ಅವರಿಂದ ಪಕ್ಕದವರಿಗೆ, ಹೀಗೆ ಬೆಂಕಿ ಸಾಲುಸಾಲಾಗಿ ಹಿಂದಕ್ಕೆ ಬಂದಿತು. ನನ್ನ ಬತ್ತಿಯನ್ನು ಹೊತ್ತಿಸಿದವಳು ಗುರುತಿಲ್ಲದ ಒಬ್ಬ ಪುಟ್ಟ ಹುಡುಗಿ. ನೂರಾರು ಬತ್ತಿಗಳ ಬೆಳಕಿನಲ್ಲಿ ನಾಲ್ಕು ಸಾಲು ಮುಂದೆ ನನ್ನ ತಮ್ಮನನ್ನು ಕಂಡೆನು. ಅವನ ತಲೆ ಪೂರ್ತಿಯಾಗಿ ಬೆಳ್ಳಗಾಗಿತ್ತು.

ಬತ್ತಿಯ ಮುಂದೆ ನಿಂತು ಹಾಡುವ ಪ್ರಾಚೀನ ಸ್ತೋತ್ರವೊಂದಿದೆ. ಮೇಣವನ್ನು ಕೊಟ್ಟ ಜೇನ್ನೊಣವನ್ನೂ ನೆನೆಯುವ ಸ್ತೋತ್ರ ಅದು. ಆಮೇಲೆ ಕುಳಿತು ಕೇಳುವ ಹೊತ್ತು. ಸೃಷ್ಟಿಯ ಕಥೆಯಿಂದ ಹಿಡಿದು ಹಳೆಯ ಒಡಂಬಡಿಕೆಯ ಏಳು ಪಾಠಗಳಿವೆ. ಕಡಿಮೆ ಓದುವಲ್ಲಿಯೂ ಇಸ್ರೇಲರು ಕೆಂಪು ಸಮುದ್ರವನ್ನು ದಾಟಿದ ಪಾಠವನ್ನು ಬಿಡುವಂತಿಲ್ಲ. ನೀರಿನ ನಡುವೆ ದಾರಿ ತೆರೆದ ಆ ಕಥೆಯನ್ನು ಕೇಳುತ್ತಿದ್ದಾಗ ನನಗೆ ಕಂಡದ್ದು ಕೆಂಪು ಸಮುದ್ರವಲ್ಲ. 1956ರ ತಾರಿ, ಕಪ್ಪು ನೀರು, ಕೈಯಲ್ಲಿದ್ದ ಅಂಗಿಯ ಚುಂಗು. ಗುರುವಾರದಿಂದ ಮೂಕವಾಗಿದ್ದ ಗಂಟೆಗಳೆಲ್ಲ ಒಮ್ಮೆಗೆ ಮೊಳಗಿದವು. ತಪಸ್ಸುಕಾಲವಿಡೀ ಹಾಡದಿದ್ದ ಅಲ್ಲೆಲೂಯವನ್ನು ಹಾಡಿದರು. ಶುಭಸಂದೇಶವಾಯಿತು. ಬಳಿಕ ಮಗುವಿನ ಮನೆಯವರನ್ನು ಮುಂದಕ್ಕೆ ಕರೆದರು.

ಸಂತರ ಹೆಸರುಗಳನ್ನು ಒಂದೊಂದಾಗಿ ಕರೆದು, ಪಾಸ್ಖದ ಬತ್ತಿಯನ್ನು ನೀರಿನಲ್ಲಿ ಅದ್ದಿ, ಗುರುಗಳು ನೀರನ್ನು ಪವಿತ್ರಗೊಳಿಸಿದರು. ಮಗುವಿನ ತಲೆಗೆ ಮೂರು ಸಲ ನೀರು ಹೊಯ್ದರು. ಅದು ಬೆಚ್ಚಿ ಅತ್ತಿತು; ಜನರು ನಕ್ಕರು. ನೆತ್ತಿಗೆ ಪರಿಮಳತೈಲವನ್ನು ಹಚ್ಚಿದರು. ಇನ್ನು ಬಿಳಿಯ ವಸ್ತ್ರ. ನನ್ನ ನಾದಿನಿ, ಎಂದರೆ ತಮ್ಮನ ಹೆಂಡತಿ, ಅಂಗಡಿಯ ಹೊಸ ಅಂಗಿಯನ್ನು ಬಿಡಿಸಿ ಹಿಡಿದಿದ್ದಳು. ನನ್ನ ಜ್ಞಾನಪುತ್ರನು ಒಮ್ಮೆ ತಿರುಗಿ, ಇಗರ್ಜಿಯ ಉದ್ದಕ್ಕೂ ಬಾಗಿಲಿನವರೆಗೆ ಕಣ್ಣು ಹಾಯಿಸಿದನು.

ಅವನನ್ನು ಎತ್ತಿಕೊಂಡಿದ್ದ ದಿನ ಗುರುಗಳು ನನ್ನನ್ನೊಂದು ಪ್ರಶ್ನೆ ಕೇಳಿದ್ದರು: ಈ ಮಗುವನ್ನು ಬೆಳೆಸುವ ಕೆಲಸದಲ್ಲಿ ಇದರ ತಂದೆತಾಯಿಗಳಿಗೆ ನೆರವಾಗುವೆಯಾ ಎಂದು. ಆಗುವೆನೆಂದು ಎಲ್ಲರೂ ಕೇಳುವಂತೆ ಹೇಳಿದ್ದೆನು. ಆ ಮಗುವಿನ ಮದುವೆಗೂ ನಾನು ಹೋಗಿರಲಿಲ್ಲ.

ಹೇಗೆ ನಡೆದೆನೋ ತಿಳಿಯದು. ಕಾಗದ ಬಿಡಿಸುವ ಸದ್ದು ಇಗರ್ಜಿಗೆಲ್ಲ ಕೇಳುವಷ್ಟು ದೊಡ್ಡದಾಗಿದೆಯೆನಿಸಿತು. ಅಂಗಿಯನ್ನು ಮುಂದೆ ಹಿಡಿದೆನು. ಒಂದು ಕ್ಷಣ ಯಾರೂ ಕೈ ಚಾಚಲಿಲ್ಲ. ಆಮೇಲೆ ತಮ್ಮನು ಅದನ್ನು ತೆಗೆದುಕೊಂಡು, ನನ್ನ ಮುಖವನ್ನು ನೋಡದೆ, ಅಂಚಿನ ಹೊಲಿಗೆಯನ್ನು ಬೆರಳಿನಿಂದ ಸವರಿ ನೋಡಿ, ಹೆಂಡತಿಯ ಕೈಗೆ ಕೊಟ್ಟನು. ನಾದಿನಿ ಅಂಗಡಿಯ ಅಂಗಿಯನ್ನು ಮಡಿಚಿ ಹೆಗಲ ಮೇಲೆ ಹಾಕಿಕೊಂಡಳು. “ಇಲ್ಲಿಯೇ ನಿಲ್ಲಿ, ಭಾವ” ಎಂದು ಮೆಲ್ಲನೆ ಹೇಳಿದಳು. ನಾನು ಅಲ್ಲಿಯೇ ನಿಂತೆನು.

ಇನ್ನು ಸಭೆಯವರೆಲ್ಲರ ಸರದಿ. ಬತ್ತಿಗಳನ್ನು ಮತ್ತೆ ಹೊತ್ತಿಸಿಕೊಂಡು ನಿಂತ ಜನರನ್ನು ಗುರುಗಳು ಕೇಳುತ್ತಾರೆ: ಕೆಡುಕನ್ನು ತ್ಯಜಿಸುವಿರಾ? ನಂಬುವಿರಾ? ಹಿಂದೆ ನಮ್ಮ ಪರವಾಗಿ ಬೇರೆಯವರು ಕೊಟ್ಟಿದ್ದ ಮಾತನ್ನು ವರ್ಷಕ್ಕೊಮ್ಮೆ ನಮ್ಮ ಬಾಯಿಂದಲೇ ಹೇಳಿಸುವ ಕ್ರಮ ಇದು. ಹನ್ನೆರಡು ವರ್ಷ ಕುಮಟೆಯಲ್ಲಿ ನಾನು ಈ ಪ್ರಶ್ನೆಗಳಿಗೆ ಗಟ್ಟಿಯಾಗಿ ಉತ್ತರ ಕೊಟ್ಟಿದ್ದೆನು. ಒಂದು ಸಲವೂ ನಾಲಗೆ ತೊದಲಿರಲಿಲ್ಲ. ಅಂದು ತೊದಲಿತು. ಎಚ್ಚರವೆಂದರೆ ಕಣ್ಣು ತೆರೆದಿರುವುದೆಂದು ನಾನು ತಿಳಿದಿದ್ದೆನು. ಆಡುವ ಮಾತು ತನ್ನ ಕಿವಿಗೆ ಬೀಳುವುದೇ ಎಚ್ಚರವೆಂದು ಆಗ ತಿಳಿಯಿತು.

ಬಲಿಪೂಜೆ ಮುಂದುವರಿಯಿತು. ಪೂಜೆಯ ಮೊದಲ ಭಾಗ ವಾಕ್ಯದ್ದು, ಎರಡನೆಯದು ರೊಟ್ಟಿ ಮತ್ತು ದ್ರಾಕ್ಷಾರಸದ್ದು. ಪರಮಪ್ರಸಾದಕ್ಕೆ ಮುಂಚೆ ನೆರೆಯವರಿಗೆ ಶಾಂತಿಯನ್ನು ಕೋರಬೇಕು. ಪಶ್ಚಿಮದ ದೇಶಗಳಲ್ಲಿ ಅದಕ್ಕೆ ಕೈ ಕುಲುಕುತ್ತಾರೆ. ಪೂಜೆಯಲ್ಲಿ ಈ ನಾಡಿನ ರೂಢಿಗಳನ್ನು ಬಳಸಿಕೊಳ್ಳಲು ಭಾರತದ ಧರ್ಮಾಧ್ಯಕ್ಷರು ಮುಂದಿಟ್ಟ 12 ಅಂಶಗಳಿಗೆ ರೋಮ್ 1969ರಲ್ಲಿ ಒಪ್ಪಿಗೆ ಕೊಟ್ಟಿತು. ನಮ್ಮಲ್ಲಿ ಕೈ ಜೋಡಿಸಿ ತಲೆ ಬಾಗುವುದು ವಾಡಿಕೆಯಾಗಿದೆ. ಅದು ಸುಲಭವೆಂದು ನಾನು ಮೊದಲು ಎಣಿಸಿದ್ದೆನು, ಮುಟ್ಟಬೇಕಾಗಿಲ್ಲವಲ್ಲ! ಆದರೆ ಕೈ ಜೋಡಿಸಿದವನು ಎದುರಿಗಿದ್ದವನ ಮುಖವನ್ನು ನೋಡಲೇಬೇಕು. ತಮ್ಮನು ನನ್ನ ಕಡೆಗೆ ತಿರುಗಿದನು. ಕೈ ಜೋಡಿಸಿದನು. ನಾನೂ ಜೋಡಿಸಿದೆನು. ಅವನ ಕಣ್ಣಿನ ಕೆಳಗೆ ನಮ್ಮ ತಂದೆಗಿದ್ದ ಗೆರೆಗಳೇ ಮೂಡಿದ್ದವು.

ಪೂಜೆ ಮುಗಿದು ಹೊರಕ್ಕೆ ಬಂದಾಗ ಚಂದ್ರನು ಮೇಲಕ್ಕೆ ಬಂದಿದ್ದನು. ಅಂಗಳದಲ್ಲಿ ಎಲ್ಲರಿಗೂ ಚಹಾ ಕೊಡುತ್ತಿದ್ದರು. ತಮ್ಮನು ಎರಡು ಲೋಟ ತಂದು ಒಂದನ್ನು ನನಗೆ ಕೊಟ್ಟನು.

“ಅಂದು ನಾನು ಲೆಕ್ಕ ಕೇಳಿದ್ದು ತಪ್ಪಾಯಿತು” ಎಂದೆನು.

ಅವನು ಚಹಾವನ್ನು ಊದಿ ಒಂದು ಗುಟುಕು ಕುಡಿದನು. “ಲೆಕ್ಕ ಬರೆದಿಟ್ಟಿದ್ದೇನೆ, ಅಣ್ಣ. ಅಂದಿನಿಂದ ಒಂದು ಕಾಯಿ ಬಿಡದೆ ಬರೆದಿದ್ದೇನೆ. ನೋಡುವುದಾದರೆ ಮನೆಗೆ ಬಂದು ನೋಡು.”

ಸಿಟ್ಟು ಇನ್ನೂ ಇತ್ತು. ಇರಬೇಕಾದದ್ದೇ. ಒಂದು ರಾತ್ರಿಯಲ್ಲಿ ಹನ್ನೆರಡು ವರ್ಷ ಕರಗಿಹೋಯಿತೆಂದು ಹೇಳಿದರೆ ವಾಚಕರೂ ನಂಬಲಾರರು. ಆದರೆ ‘ಮನೆಗೆ ಬಂದು’ ಎಂದು ಅವನು ಹೇಳಿದ್ದನು. ನಾನು ಹೋದೆನು. ಸೇತುವೆ ದಾಟುವಾಗ ಕೆಳಗೆ ಶರಾವತಿ ಬೆಳದಿಂಗಳಿನಲ್ಲಿ ಹರಿಯುತ್ತಿತ್ತು. ಬೆಳಿಗ್ಗೆ ನಾದಿನಿ ಸಾನ್ನಾ ಮತ್ತು ಕೋಳಿಯ ಸಾರು ಬಡಿಸಿದಳು. ಮೇಜಿನ ಮೇಲೆ ತಮ್ಮನು ತಂದಿಟ್ಟ ಲೆಕ್ಕದ ಪುಸ್ತಕವನ್ನು ನಾನು ತೆರೆಯಲಿಲ್ಲ. ಹೊರಡುವ ಮೊದಲು ಬಾವಿಯ ಕಟ್ಟೆಯ ಮೇಲೆ ಕುಳಿತು, ನನ್ನ ಪಾಲನ್ನು ಅವನ ಹೆಸರಿಗೆ ಬರೆದುಕೊಡುವ ಮಾತನ್ನು ಎತ್ತಿದೆನು. “ಅದೆಲ್ಲ ಆಮೇಲೆ ನೋಡೋಣ” ಎಂದನು. ಆಮೇಲಿನ ಮಳೆಗಾಲದೊಳಗೆ ಆ ಕೆಲಸವೂ ಮುಗಿಯಿತು.

ಅಂಗಿಯನ್ನು ನಾನು ಮರಳಿ ತರಲಿಲ್ಲ. ಅದೀಗ ಹೊಳೆಯ ಆಚೆಯ ಮನೆಯಲ್ಲಿಯೇ ಇದೆ.